ಮೇಲಿನ ಗೆರೆ ಬಾರದ ಬೀಜಗಳು

ಪ್ರೈಮರ್ ಕೊರಿಯರ್‌ನಲ್ಲಿ ಬರುತ್ತದೆ. ಕಿರುಬೆರಳಿನ ತುದಿಯಷ್ಟಿರುವ ಪ್ಲಾಸ್ಟಿಕ್ ಶೀಶೆ; ಒಳಗೆ ನೋಡಿದರೆ ಏನೂ ಕಾಣುವುದಿಲ್ಲ. ತಳಕ್ಕೆ ಅಂಟಿಕೊಂಡ ಒಣ ಪೊರೆ ಅದು. ಮುಚ್ಚಳ ತೆರೆಯುವ ಮೊದಲು ಯಂತ್ರದಲ್ಲಿಟ್ಟು ಒಮ್ಮೆ ಗಿರ್ರನೆ ತಿರುಗಿಸಬೇಕು, ಇಲ್ಲವಾದರೆ ಹಾರಿಹೋಗುತ್ತದೆ, ಹಾರಿಹೋದದ್ದು ಗೊತ್ತೂ ಆಗುವುದಿಲ್ಲ. ಕೊಪ್ಪಳದಲ್ಲಿ ಬೀಜ ಪರೀಕ್ಷೆ ಮಾಡುವ ಒಂದು ಖಾಸಗಿ ಪ್ರಯೋಗಾಲಯಕ್ಕೆ ನಾನು ಸೇರಿದ ದಿನ ಮೊದಲು ಕಲಿತದ್ದು ಇದನ್ನೇ.

ನಾನು ಗಂಗಾವತಿಯವಳು. ಭತ್ತದ ಊರಿನಲ್ಲಿ ಬೀಜವೆಂದರೆ ಚೀಲದಿಂದ ಸುರಿದು ನೆನೆಸಿ ಚೆಲ್ಲುವಂಥದ್ದು. ಒಂದು ಬೀಜದ ತಂದೆ ಯಾರೆಂದು ಅಲ್ಲಿ ಯಾರೂ ಕೇಳಿದ್ದನ್ನು ಕಾಣೆ. ಕೊಪ್ಪಳಕ್ಕೆ ಬಂದ ಮೇಲೆ ನನ್ನ ಕೆಲಸವೇ ಅದಾಯಿತು. ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಬಲೆ ಹೊದಿಸಿದ ಮನೆಗಳೊಳಗೆ ಹೆಂಗಸರು ಒಂದೊಂದೇ ಹೂವನ್ನು ಕೈಯಿಂದ ಕ್ರಾಸಿಂಗ್ ಮಾಡಿ ಟೊಮ್ಯಾಟೊ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ತೆಗೆಯುತ್ತಾರೆ. ಆ ಬೀಜ ನಿಜವಾಗಿಯೂ ಎರಡು ತಳಿಗಳ ಕೂಡಿಕೆಯಿಂದ ಬಂದದ್ದೋ ಅಲ್ಲವೋ ಎಂದು ನಾವು ಹೇಳಬೇಕು.

ಟೊಮ್ಯಾಟೊ ಕ್ರಾಸಿಂಗನ್ನು ನಾನು ನಿಂತು ನೋಡಿದ್ದೇನೆ. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನ ಮೊಗ್ಗುಗಳನ್ನು ಚಿಮಟದಿಂದ ಬಿಡಿಸಿ, ಪರಾಗದ ಹಳದಿ ಕೊಳವೆಯನ್ನು ಕಿತ್ತು ಹಾಕುತ್ತಾರೆ. ಮೊಗ್ಗು ಒಂದು ದಿನ ಹೆಚ್ಚು ಬಲಿತಿದ್ದರೂ ಅದಕ್ಕೆ ಆಗಲೇ ತನ್ನದೇ ಪರಾಗ ತಗುಲಿರುತ್ತದೆ. ಮರುದಿನ ಬೆಳಗ್ಗೆ ಗಂಡು ಮಡಿಯ ಹೂಗಳಿಂದ ತೆಗೆದ ಪುಡಿಯನ್ನು ಹೆಬ್ಬೆರಳಿನ ಉಂಗುರದ ಗುಳಿಯಲ್ಲಿ ತುಂಬಿಕೊಂಡು, ನಿನ್ನೆ ಬಿಡಿಸಿದ ಹೂವಿಗೆ ಮುಟ್ಟಿಸುತ್ತಾರೆ. ಮುಟ್ಟಿಸಿದ್ದಕ್ಕೆ ಗುರುತಾಗಿ ಹೂವಿನ ಬುಡದ ಐದು ಹಸಿರು ಎಸಳುಗಳಲ್ಲಿ ಎರಡನ್ನು ಕತ್ತರಿಸುತ್ತಾರೆ. ಹಣ್ಣಾದ ಮೇಲೂ ಆ ಕತ್ತರಿಸಿದ ಎಸಳು ಹಣ್ಣಿನ ತಲೆಯ ಮೇಲೆ ಉಳಿದಿರುತ್ತದೆ. ಎಸಳು ಪೂರ್ತಿ ಇರುವ ಹಣ್ಣನ್ನು ಬೀಜಕ್ಕೆ ತೆಗೆದುಕೊಳ್ಳುವುದಿಲ್ಲ. ಇಷ್ಟೆಲ್ಲ ಮಾಡಿಯೂ ತನ್ನದೇ ಪರಾಗದಿಂದ ಹುಟ್ಟಿದ ಬೀಜ ಸೇರಿದರೆ ಅದಕ್ಕೆ ಸೆಲ್ಫ್ ಅನ್ನುತ್ತಾರೆ. ಆ ಹಳ್ಳಿಗಳಲ್ಲಿ ಅದೊಂದು ಬೈಗುಳವೂ ಹೌದು. ಆಕೆಯ ಕೈಯಲ್ಲಿ ಸೆಲ್ಫ್ ಬರುತ್ತದೆ ಎಂದರೆ ಆಕೆಗೆ ಕಣ್ಣಿಲ್ಲ, ಮೈಗಳ್ಳಿ, ನಂಬಬೇಡಿ ಎಂದು ಮೂರನ್ನೂ ಒಟ್ಟಿಗೆ ಹೇಳಿದಂತೆ.

ಪ್ರೈಮರಿನ ಕೆಲಸ ಇಲ್ಲಿ ಶುರುವಾಗುತ್ತದೆ. ಡಿಎನ್ಎಯ ಒಂದು ತುಣುಕನ್ನು ನಕಲು ಮಾಡುವ ಕಿಣ್ವ ತಾನಾಗಿ ಎಲ್ಲಿಂದಲೂ ಶುರು ಮಾಡಲಾರದು. ಇಪ್ಪತ್ತು ಕೊಂಡಿಗಳ ಒಂದು ಚಿಕ್ಕ ಸರಪಳಿ ಮೊದಲು ಹೋಗಿ, ತನಗೆ ಸರಿಹೊಂದುವ ಜಾಗ ಹುಡುಕಿ ಕೂರಬೇಕು. ಆ ಸರಪಳಿಯೇ ಪ್ರೈಮರ್. ಅದು ಕೂತ ಮೇಲೆ ಅದರ ತುದಿಯಿಂದ ಕಿಣ್ವ ಮುಂದಕ್ಕೆ ಕಟ್ಟುತ್ತಾ ಹೋಗುತ್ತದೆ. ತಾಯಿ ತಳಿಯಿಂದ ಬರುವ ತುಣುಕು ಚಿಕ್ಕದು, ತಂದೆಯದು ತುಸು ಉದ್ದ. ಜೆಲ್ ಎಂಬ ಲೋಳೆಯ ಹಾಳೆಯ ಮೇಲೆ ವಿದ್ಯುತ್ತಿನಿಂದ ಓಡಿಸಿ ಬೆಳಕಿಗೆ ಹಿಡಿದರೆ ತಾಯಿಯ ಗೆರೆ ಕೆಳಗೆ, ತಂದೆಯ ಗೆರೆ ಮೇಲೆ ಕಾಣುತ್ತದೆ. ಎರಡೂ ಇದ್ದರೆ ಹೈಬ್ರಿಡ್. ಕೆಳಗಿನದೊಂದೇ ಇದ್ದರೆ ಸೆಲ್ಫ್. ಕಲಿಯಲು ಒಂದು ದಿನ ಸಾಕು.

ಕಲಿಯಲು ನನಗೆ ವರ್ಷಗಳೇ ಬೇಕಾದದ್ದು ಇನ್ನೊಂದು ಮಾತು. ಸರಪಳಿಯ ಕೊನೆಯ ಕೊಂಡಿ ಆ ಜಾಗಕ್ಕೆ ಹೊಂದದಿದ್ದರೆ ಕಿಣ್ವ ಶುರು ಮಾಡುವುದೇ ಇಲ್ಲ. ಹೊಂದಲಿಲ್ಲ ಎಂದು ಅದು ಹೇಳುವುದೂ ಇಲ್ಲ. ಗೆರೆ ಬರುವುದಿಲ್ಲ, ಅಷ್ಟೆ. ತಂದೆ ಅಲ್ಲೇ ಇದ್ದರೂ ಜೆಲ್‌ನಲ್ಲಿ ತಂದೆ ಇಲ್ಲ. ಓದುವಾಗ ಇದನ್ನು ಪರೀಕ್ಷೆಗೆ ಬರೆದು ಅಂಕ ತೆಗೆದುಕೊಂಡಿದ್ದೆ.

ಮೂರು ವರ್ಷದ ಹಿಂದೆ ತಳಕಲ್ ಬಳಿಯ ಒಂದು ಪ್ಲಾಟಿನಿಂದ ಟೊಮ್ಯಾಟೊ ಬೀಜದ ಲಾಟ್ ಬಂತು. ಅದು ಹಂಗಾಮಿನ ತುರುಸಿನ ಕಾಲ. ನಮ್ಮಲ್ಲಿ ಪ್ರತಿ ಹೈಬ್ರಿಡ್‌ಗೆ ಎರಡು ಜೋಡಿ ಪ್ರೈಮರಿನಿಂದ ನೋಡುವ ರೂಢಿ ಇತ್ತು. ಒಂದು ಜೋಡಿ ಸುಮ್ಮನಿದ್ದರೆ ಇನ್ನೊಂದು ಹೇಳಲಿ ಎಂದು. ಆ ಹೈಬ್ರಿಡ್‌ನ ಎರಡನೇ ಜೋಡಿ ಮುಗಿದು ಹೋಗಿತ್ತು; ತರಿಸಲು ನಾನು ಬರೆದುಕೊಟ್ಟ ಚೀಟಿ ಸಹಿಗೆ ಕಾದಿತ್ತು. ಕಾಯಬಹುದಿತ್ತು. ನಾನು ಕಾಯಲಿಲ್ಲ. ಫಾರಂನಲ್ಲಿ ಎರಡನೇ ಗುರುತು ಎಂಬ ಕಡೆ ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ಇದು ನನ್ನ ಕೈಬರಹ, ಇವತ್ತಿಗೂ ಫೈಲಿನಲ್ಲಿದೆ.

ತೊಂಬತ್ತಾರು ಗುಳಿಗಳ ತಟ್ಟೆಯಲ್ಲಿ ತೊಂಬತ್ತು ಬೀಜದ ಮೊಳಕೆಗಳು. ಉಳಿದ ಗುಳಿಗಳಲ್ಲಿ ಹೋಲಿಸಿ ನೋಡಲು ತಾಯಿ, ತಂದೆ, ಎರಡರ ಮಿಶ್ರಣ ಮತ್ತು ಬರೀ ನೀರು. ಹೋಲಿಕೆಗೆ ಇಟ್ಟ ತಂದೆಯ ಡಿಎನ್ಎ ನಮ್ಮ ಫ್ರೀಜರಿನಲ್ಲಿ ವರ್ಷಗಳಿಂದ ಇದ್ದ ಒಂದು ಟ್ಯೂಬಿನದು. ಪ್ಲಾಟಿನ ಗಂಡು ಗಿಡದ ಎಲೆ ತರಿಸುವ ರೂಢಿ ನಮ್ಮಲ್ಲಿ ಇರಲೇ ಇಲ್ಲ. ಟ್ಯೂಬ್ ಇದ್ದಾಗ ಎಲೆ ಯಾಕೆ ಎಂಬುದು ನಮ್ಮೆಲ್ಲರ ಎಣಿಕೆ. ಜೆಲ್ ಚಿತ್ರ ಬಂದಾಗ ಆ ಹಳೆಯ ತಂದೆಯ ಗೆರೆ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಅದನ್ನು ನೋಡಿ ಪ್ರೈಮರ್ ಸರಿಯಾಗಿಯೇ ಕೆಲಸ ಮಾಡಿದೆ ಎಂದುಕೊಂಡೆ. ತೊಂಬತ್ತರಲ್ಲಿ ಮೂವತ್ತೊಂದು ಬೀಜಕ್ಕೆ ಮೇಲಿನ ಗೆರೆ ಇರಲಿಲ್ಲ. ಎರಡು ಸಲ ಎಣಿಸಿದೆ. ಎಣಿಕೆಯಲ್ಲಿ ತಪ್ಪಿರಲಿಲ್ಲ. ಸೆಲ್ಫ್ ಎಂದು ಬರೆದು, ಸಹಿ ಮಾಡಿ, ಮ್ಯಾನೇಜರರಿಗೆ ಕೊಟ್ಟೆ. ಅವರ ಸಹಿಯೂ ಬಿತ್ತು. ಲಾಟ್ ತಿರಸ್ಕಾರವಾಯಿತು.

ಸುಮಾರು ಹದಿನೈದು ದಿನಗಳಾಗಿರಬೇಕು. ಅವತ್ತು ಮಂಗಳವಾರ, ಹುಲಿಗಿಯ ಅಮ್ಮನ ಗುಡಿಗೆ ಜನ ಹೋಗುವ ದಿನ, ಅದು ನೆನಪಿದೆ, ಏಕೆಂದರೆ ಗೇಟಿನ ಕಾವಲುಗಾರ ಒಳಗೆ ಬಂದು, ಯಾರೋ ಹೆಂಗಸು ಹುಲಿಗಿ ರೈಲಿನಲ್ಲಿ ಬಂದು ಇಲ್ಲಿಳಿದಿದ್ದಾಳೆ, ಅಮ್ಮನ ಗುಡಿ ಇನ್ನೂ ಮುಂದಿದೆ ಎಂದರೂ ಹೋಗುತ್ತಿಲ್ಲ ಎಂದು ನಗಾಡಿದ್ದ. ತಲೆಯ ಮೇಲೆ ಸೆರಗು ಹೊದ್ದ, ಐವತ್ತರ ಆಚೀಚಿನ ಹೆಂಗಸು ಬೆಂಚಿನ ತುದಿಯಲ್ಲಿ ಕೂತಿದ್ದರು. ತಳಕಲ್ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡಿದ ಹನ್ನೆರಡು ಹೆಂಗಸರ ಗುಂಪಿಗೆ ಅವರೇ ಮುಂದಾಳು. ಗುಂಪಿನವರೆಲ್ಲ ಅವರನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆಂದು ಆಮೇಲೆ ತಿಳಿಯಿತು. ನಾನೂ ಹಾಗೆಯೇ ಬರೆಯುತ್ತೇನೆ. ಬಲಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಚಿಮಟ ಹಿಡಿದು ಹಿಡಿದು ಕಟ್ಟಿದ ಜಡ್ಡು ಇತ್ತು.

“ನೀವೇನ್ರಿ, ಬೀಜದ ಅಪ್ಪನ್ನ ಹುಡುಕಾವ್ರು?” ಎಂದು ಕೇಳಿದರು.

ಹೌದೆಂದೆ.

“ಮೂವತ್ತೊಂದಕ್ಕ ಅಪ್ಪ ಇಲ್ಲಂತ ಬರದೀರಂತ. ಒಂದ್ ಸಲ ತೋರಸ್ರಿ.”

ಹೊರಗಿನವರಿಗೆ ತೋರಿಸುವಂತಿರಲಿಲ್ಲ. ಆದರೂ ಚಿತ್ರ ತಂದು ಕೊಟ್ಟೆ. ಅವರು ಅದನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಒಂದೊಂದೇ ಗೆರೆಯನ್ನು ಸರಿಸುತ್ತಾ ನೋಡಿದರು, ಸಾಲಿನಲ್ಲಿ ಮೊಗ್ಗು ಹುಡುಕುವ ಹಾಗೆ. ತಾಯಿ ಯಾವುದು, ತಂದೆ ಯಾವುದು ಎಂದು ಕೇಳಿ ತಿಳಿದುಕೊಂಡರು. ಆಮೇಲೆ, ಈ ತಂದೆಯನ್ನು ಎಲ್ಲಿಂದ ತಂದಿರಿ ಎಂದರು. ನಮ್ಮಲ್ಲೇ ಇಟ್ಟಿರುತ್ತೇವೆ ಎಂದೆ.

“ನಮ್ಮ ಪ್ಲಾಟಿನ ಗಂಡು ಗಿಡದ್ದಲ್ಲ?”

“ತಳಿ ಅದೇ ಅಲ್ಲೇನ್ರಿ.”

“ಅದ ಅಂತ ನೀವು ಹೇಳ್ತೀರಿ. ನಾವು ಗಂಡು ಎರಡು ಸಲ ಹಚ್ಚೇವ್ರಿ. ಮೊದಲಿನ ಸಸಿ ಅರ್ಧ ಕೊಳತು ಹೋದ್ವು. ಆಮ್ಯಾಲ ಆರ್ಗನೈಸರ ಇನ್ನೊಂದು ಪಾಕೀಟು ತಂದ ಕೊಟ್ಟ. ಹಿಂದಿನ ಮಡಿ ಪೂರಾ ಆ ಪಾಕೀಟಿಂದು. ಎಲಿ ಸ್ವಲ್ಪ ಸಣ್ಣವು ಅದಾವಪಾ ಅಂತ ನಾ ಆಗಲೇ ಹೇಳಿದ್ನಿ ಅವಗ.”

ಆರ್ಗನೈಸರ್ ಎಂದರೆ ಕಂಪನಿಗೂ ಹಳ್ಳಿಗೂ ನಡುವಿನವನು. ಪ್ಲಾಟ್ ಯಾರಿಗೆ, ಗುಂಪು ಯಾವುದು ಎಂದು ತೀರ್ಮಾನಿಸುವವನು. ಖಾಲಾ ಹೇಳಿದ ಈ ಮಾತಿನಲ್ಲಿ ನನಗೆ ಬೇಕಾದುದೆಲ್ಲ ಇತ್ತು. ಎರಡನೇ ಪಾಕೀಟಿನ ಗಂಡು ಬೇರೆ ಇರಬಹುದು, ಪ್ರೈಮರ್ ಕೂರುವ ಜಾಗದಲ್ಲೇ ಬೇರೆ ಇರಬಹುದು ಎಂದು ಆ ಕ್ಷಣದಲ್ಲಿ ಹೊಳೆಯಬೇಕಾದವಳು ನಾನು. ನಾನು ಹೇಳಿದ ಮಾತು ಇದು, ಒಂದಕ್ಷರ ಬಿಡದೆ ನೆನಪಿದೆ: “ಕಂಪನಿ ಪಾಕೀಟು ಎಲ್ಲಾ ಒಂದ ಇರ್ತಾವಮ್ಮ.”

ಖಾಲಾ ಚಿತ್ರವನ್ನು ವಾಪಸು ಕೊಟ್ಟರು. “ಪಾಕೀಟು ಒಂದ ಇರ್ತಾವ್ರಿ,” ಎಂದರು. “ಒಳಗಿಂದು ಯಾರು ನೋಡ್ಯಾರ?”

ಏಳುವ ಮುನ್ನ ತಾವು ಬಂದ ಕಾರಣ ಹೇಳಿದರು. ಹದಿನೆಂಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ. ಬೀಜ ಹೋದದ್ದಕ್ಕೆ ಬಂದದ್ದಲ್ಲ, ಅದು ಪ್ಲಾಟಿನ ಯಜಮಾನನ ಚಿಂತೆ. ಮುಂದಿನ ಹಂಗಾಮಿಗೆ ತಮ್ಮನ್ನು ಕರೆಯುವುದಿಲ್ಲ ಎಂದು ಆರ್ಗನೈಸರ್ ಹೇಳಿದ್ದಾನೆ. ಒಬ್ಬ ಹೇಳಿದರೆ ಸುತ್ತಲಿನ ಯಾವ ಪ್ಲಾಟಿನವರೂ ಕರೆಯುವುದಿಲ್ಲ.

“ಇನ್ನೊಂದ್ ಸಲ ನೋಡ್ರಿ ಮೇಡಂ. ಅಷ್ಟ ಕೇಳಾಕ ಬಂದೀನಿ.”

ನೋಡುತ್ತೇನೆ ಎಂದೆ. ನೋಡಲಿಲ್ಲ. ಅದೇ ಪ್ರೈಮರಿನಿಂದ ಮತ್ತೆ ನೋಡಿದರೆ ಮತ್ತೆ ಅದೇ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಸುಳ್ಳಲ್ಲ. ಆ ಮಾತಿನ ಹಿಂದೆ ಕೂತು ಒಂದೂವರೆ ತಿಂಗಳು ಕಳೆದೆ.

ಎರಡನೇ ಜೋಡಿ ಪ್ರೈಮರ್ ಬಂದದ್ದು ಕೆಲಸ ಕಡಿಮೆಯಾದ ಮೇಲೆ. ಶೀಶೆ ತಿರುಗಿಸಿ, ನೀರು ಹಾಕಿ, ಕರಗಿಸಿ ಹೆಸರು ಬರೆದಿಡುವಾಗ ತಳಕಲ್ ತಟ್ಟೆ ಫ್ರೀಜರಿನಲ್ಲಿ ಕಣ್ಣಿಗೆ ಬಿತ್ತು. ಪರೀಕ್ಷೆ ಮುಗಿದ ತಟ್ಟೆಯನ್ನು ನಾವು ಆರು ತಿಂಗಳು ಇಡುತ್ತೇವೆ. ಅದನ್ನು ಹೊರಗೆ ತೆಗೆದೆ. ಹೊಸ ಪ್ರೈಮರ್ ಕೆಲಸ ಮಾಡುತ್ತದೋ ನೋಡಲು ಯಾವುದಾದರೂ ತಟ್ಟೆ ಬೇಕಿತ್ತು ಎಂದು ಅವತ್ತು ರಿಜಿಸ್ಟರಿನಲ್ಲಿ ಬರೆದಿದ್ದೇನೆ.

ಮಧ್ಯಾಹ್ನ ಮೂರಕ್ಕೆ ಜೆಲ್ ಬಂತು. ತೊಂಬತ್ತಕ್ಕೂ ಎರಡೆರಡು ಗೆರೆ. ಮೂವತ್ತೊಂದು ಬೀಜಗಳ ಗುಳಿಗಳ ಗುರುತನ್ನು ಹಳೆಯ ಹಾಳೆಯಿಂದ ಓದಿ ಓದಿ ಒಂದೊಂದನ್ನೇ ನೋಡಿದೆ. ಎಲ್ಲದಕ್ಕೂ ತಂದೆ ಇದ್ದ. ಕೈಗವಸು ಕಳಚಿದರೆ ಬೆವರಿಗೆ ಬೆರಳುಗಳು ಸುಕ್ಕಾಗಿದ್ದವು. ಆಮೇಲೆ ಹಳೆಯ ಪ್ರೈಮರನ್ನೇ ತೆಗೆದುಕೊಂಡು, ಅದು ಕೂರುವ ಹೊತ್ತಿನ ಬಿಸಿಯನ್ನು ಆರು ಡಿಗ್ರಿ ಇಳಿಸಿ ಓಡಿಸಿದೆ. ಬಿಸಿ ಕಡಿಮೆಯಾದರೆ ಪೂರ್ತಿ ಹೊಂದದ ಸರಪಳಿಯೂ ಕೆಲವೊಮ್ಮೆ ಹೇಗೋ ಕೂರುತ್ತದೆ. ಮೂವತ್ತೊಂದರಲ್ಲಿ ಹೆಚ್ಚಿನವಕ್ಕೆ ಮೇಲುಗಡೆ ಹೊಗೆಯಂಥ ಒಂದು ಮಸುಕು ಗೆರೆ ಬಂತು. ಅವು ಎರಡನೇ ಪಾಕೀಟು ಹಚ್ಚಿದ ಹಿಂದಿನ ಮಡಿಯ ಪರಾಗದ ಬೀಜಗಳು. ಆ ಹೆಂಗಸರು ಒಂದು ಮೊಗ್ಗನ್ನೂ ತಡ ಮಾಡಿ ಬಿಡಿಸಿರಲಿಲ್ಲ.

ಎರಡೂ ಚಿತ್ರಗಳನ್ನು ಹಿಡಿದು ಮ್ಯಾನೇಜರರ ಬಳಿ ಹೋದೆ. ಅವರು ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು ಅವರೇ. ಚಿತ್ರಗಳನ್ನು ಬಹಳ ಹೊತ್ತು ನೋಡಿ, ಪ್ಲಾಟಿನ ಗಂಡು ಗಿಡದ ಎಲೆ ಸಿಗುತ್ತದೆಯೇ ಎಂದು ಕೇಳಿದರು. ಸಿಗುವುದಿಲ್ಲ. ಕ್ರಾಸಿಂಗ್ ಮುಗಿದ ದಿನವೇ ಗಂಡು ಗಿಡಗಳನ್ನು ಆರ್ಗನೈಸರನ ಎದುರಿಗೆ ಬೇರುಸಹಿತ ಕಿತ್ತು ಸುಡಬೇಕು. ತಳಿ ಬೇರೆಯವರ ಕೈಗೆ ಹೋಗದಿರಲಿ ಎಂದು ಕಂಪನಿಯ ನಿಯಮ. ಖಾಲಾ ತಾವೇ ನಿಂತು ಕೀಳಿಸಿದ್ದರು.

ಮ್ಯಾನೇಜರರು ಚಹಾ ತರಿಸಿದರು. “ಬೀಜ ನಾಶ ಮಾಡ್ಯಾರ, ಕಂಪನಿ ಫೈಲ್ ಮುಚ್ಚೈತಿ,” ಎಂದರು. “ಈಗ ಒಂದು ಲಾಟ್ ತಪ್ಪಾತು ಅಂತ ನಾವು ಬರದ್ರ, ಈ ವರ್ಷದ ಅಷ್ಟೂ ಲಾಟಿನವರು ಬಾಗಿಲಿಗೆ ಬರ್ತಾರ. ಮತ್ತ ಅದರಾಗ ನಿನ್ನ ಸಹಿನೂ ಐತಿ, ನೆನಪಿಟ್ಕೊ.”

ಆ ಕೊನೆಯ ಮಾತನ್ನು ಅವರು ಬೆದರಿಸಲು ಹೇಳಲಿಲ್ಲ. ನನ್ನ ಒಳಿತಿಗೆ ಹೇಳಿದರು, ಅದು ದನಿಯಲ್ಲೇ ಗೊತ್ತಾಗುತ್ತಿತ್ತು. ಮುಂದಿನ ಹಂಗಾಮಿನಿಂದ ಆ ಹೈಬ್ರಿಡ್‌ಗೆ ಹಳೆಯ ಜೋಡಿ ಬೇಡ, ಹೊಸದನ್ನೇ ಬಳಸು ಎಂದರು. ಬದಲಾವಣೆಗೆ ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದೆ. ಹೆಚ್ಚು ಸ್ಪಷ್ಟ ಗೆರೆಗಾಗಿ ಎಂದು ಬರೆ ಎಂದರು. ಬರೆದೆ. ಆ ಹಾಳೆಯಲ್ಲೂ ನನ್ನ ಸಹಿ ಇದೆ.

ಖಾಲಾಗೆ ಹೇಳಲೇಬೇಕು ಎನಿಸಿದ್ದು ಮುಂದಿನ ಹಂಗಾಮಿನ ಸಸಿ ಹಚ್ಚುವ ಹೊತ್ತಿಗೆ. ತಡವಾಗಿಯೇ. ತಳಕಲ್ಲಿಗೆ ಹೋದರೆ ಅವರು ಬೇವೂರಿನ ಹೊಲವೊಂದರಲ್ಲಿ ಕಳೆ ತೆಗೆಯಲು ಹೋಗಿದ್ದಾರೆಂದು ಮನೆಯವರು ಹೇಳಿದರು. ಹುಡುಕಿಕೊಂಡು ಹೋದೆ. ಸಜ್ಜೆಯ ಸಾಲಿನಲ್ಲಿ ಅವರೂ ಇನ್ನು ಮೂವರು ಹೆಂಗಸರೂ ಕೂತಿದ್ದರು. ಹನ್ನೆರಡರ ಗುಂಪಿನಲ್ಲಿ ಅವರ ಜೊತೆ ಉಳಿದವರು ಆ ಮೂವರೇ. ಮಿಕ್ಕವರು ಬೇರೆ ಮುಂದಾಳುವಿನ ಕೈಕೆಳಗೆ, ಅದೇ ತಳಕಲ್ ಪ್ಲಾಟಿಗೆ ಹೋಗುತ್ತಿದ್ದರು. ಅವರ ಮೇಲೆ ಖಾಲಾಗೆ ಸಿಟ್ಟಿರಲಿಲ್ಲ. ಮನೆ ಮನೆಗೆ ಹೋಗಿ, ನನ್ನ ಹೆಸರು ಹೇಳಬೇಡಿ, ಹೇಳಿದರೆ ನಿಮ್ಮನ್ನೂ ಬಿಡಿಸುತ್ತಾರೆ ಎಂದು ಖಾಲಾ ತಾವೇ ಹೇಳಿ ಬಂದಿದ್ದರಂತೆ.

ನಿಂತುಕೊಂಡೇ ಎಲ್ಲ ಹೇಳಿದೆ. ಪ್ರೈಮರ್ ಎಂದರೇನು, ಅದು ಎರಡನೇ ಪಾಕೀಟಿನ ಗಂಡಿಗೆ ಯಾಕೆ ಹೊಂದಲಿಲ್ಲ, ಗೆರೆ ಯಾಕೆ ಬರಲಿಲ್ಲ ಎಂದು ಬಿಡಿಸಿ ಹೇಳಿದೆ. ಇಂಗ್ಲಿಷಿನಲ್ಲಿ ಓದಿದ್ದನ್ನು ಹೇಳಲು ನನ್ನ ಕನ್ನಡ ತಡವರಿಸುತ್ತಿತ್ತು. ಅವರು ನಾಲ್ವರೂ ಕಳೆ ತೆಗೆಯುವ ಕುರ್ಚಿಗಿ ನಿಲ್ಲಿಸಿ ಕೇಳಿದರು.

ಅವರಲ್ಲೊಬ್ಬಳು ಬೀಗನ ಮನೆಯ ಮಾತು ಕೇಳಿದವಳಂತೆ ಮೂಗಿನ ಮೇಲೆ ಬೆರಳಿಟ್ಟಳು. “ಅಂದ್ರ ಖಾಲಾ, ಅಪ್ಪ ಮನ್ಯಾಗ ಇದ್ದ. ಕರಿಯಾಕ ಹೋದಾವ ಬಾಗಲ ಬಡದಿಲ್ಲ, ಮನ್ಯಾಗ ಯಾರೂ ಇಲ್ಲಂತ ಹೇಳ್ಯಾನ.”

“ಬಾಗಲ ಬಡದಾನ,” ಎಂದಳು ಇನ್ನೊಬ್ಬಳು. “ಹಳೀ ಮನಿದು ಬಡದಾನ.”

ಇಷ್ಟು ಚೆನ್ನಾಗಿ ನಾನು ಯಾರಿಗೂ ವಿವರಿಸಿಲ್ಲ. ಇಬ್ಬರೂ ನಕ್ಕರು. ಖಾಲಾ ನಗಲಿಲ್ಲ. ನಮ್ಮ ಕೈಯಲ್ಲಿ ತಪ್ಪಿರಲಿಲ್ಲ ಎಂದು ಹಾಗಾದರೆ ಗೊತ್ತಾಯಿತು ಎಂದರು. ಹೌದೆಂದೆ. ಯಾವಾಗ ಗೊತ್ತಾಯಿತು ಎಂದು ಕೇಳಿದರು. ತಿಂಗಳುಗಳ ಲೆಕ್ಕ ಹೇಳಿದೆ. ಅವರು ನೆಲ ನೋಡಿದರು. ಪಕ್ಕದ ಹುಲ್ಲನ್ನು ಒಂದೆರಡು ಸಲ ಕಿತ್ತರು.

“ಬರದು ಕೊಡ್ರಿ,” ಎಂದರು.

ಚೀಲದಲ್ಲಿ ನೋಟ್‌ಬುಕ್ ಇತ್ತು. ಬದುವಿನ ಮೇಲೆ ಕೂತು, ಲಾಟಿನ ಗುರುತು ಹಾಕಿ, ಬೀಜಗಳು ಹೈಬ್ರಿಡ್ ಆಗಿದ್ದವು, ಮೊದಲ ವರದಿ ತಪ್ಪು, ತಪ್ಪು ಪರೀಕ್ಷೆಯದು, ಕ್ರಾಸಿಂಗ್ ಮಾಡಿದವರದಲ್ಲ ಎಂದು ಬರೆದು ಸಹಿ ಮಾಡಿದೆ. ಓದಿ ಹೇಳಿದೆ. ಅವರು ಮತ್ತೊಮ್ಮೆ ಓದಿಸಿದರು, ‘ಮಾಡಿದವರದಲ್ಲ’ ಎಂಬಲ್ಲಿ ತಲೆಯಾಡಿಸಿದರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು. ಆರ್ಗನೈಸರನ ಬಳಿ ನಾಳೆ ಹೋಗುತ್ತೇನೆ, ನೀವೂ ಬನ್ನಿ ಎಂದರು. ಬರುತ್ತೇನೆ ಎಂದೆ. ಈ ಸಲ ಹೋದೆ.

ಯಲಬುರ್ಗಾದಲ್ಲಿ ಆರ್ಗನೈಸರನ ಗೊಬ್ಬರದಂಗಡಿ. ಕುರ್ಚಿ ಹಾಕಿದ, ನನಗೊಂದೇ. ಖಾಲಾ ಚೀಲಗಳ ಪಕ್ಕ ನಿಂತರು. ಅವನು ಕಾಗದ ಓದಿದ, ಹಿಂದೆ ತಿರುಗಿಸಿ ನೋಡಿದ, ಮತ್ತೆ ಮುಂದೆ ನೋಡಿದ. ಗಂಡಿನ ಎಲೆ ಸಣ್ಣದಿತ್ತೆಂದು ಖಾಲಾ ಹೇಳಿದ್ದು ತನಗೆ ನೆನಪಿದೆ ಎಂದು ಒಪ್ಪಿಕೊಂಡ. ಅದನ್ನು ನಾನು ಇಲ್ಲಿ ದಾಖಲಿಸಲೇಬೇಕು. ಆಮೇಲೆ ಕಾಗದವನ್ನು ನನ್ನ ಕಡೆ ಸರಿಸಿದ.

“ಸೀಲ್ ಇಲ್ಲಲ್ರಿ ಮೇಡಂ,” ಎಂದ. “ನಿಮ್ಮ ಮೊದಲಿನ ರಿಪೋರ್ಟಿಗೆ ಸೀಲ್ ಐತಿ. ಇದಕ್ಕ ಹಾಕಿಸಿ ತಂದ್ರ ಇವತ್ತ ಖಾಲಾನ್ನ ಪ್ಲಾಟಿಗೆ ಕಳಸ್ತೀನಿ. ನಂದೇನೂ ತಕರಾರಿಲ್ಲ.”

ಖಾಲಾ ನನ್ನ ಮುಖ ನೋಡಿದರು. ಬಸ್ ಸ್ಟ್ಯಾಂಡಿಗೆ ನಡೆದೆವು. ತಳಕಲ್ ಬಸ್ಸು ಬಂದಾಗ, ಎಷ್ಟು ದಿನ ಬೇಕಾಗುತ್ತದೆ ಎಂದಷ್ಟೇ ಕೇಳಿದರು. ಕ್ರಾಸಿಂಗ್ ಇನ್ನು ಇಪ್ಪತ್ತು ದಿನಕ್ಕೆ ಶುರುವಾಗುತ್ತದೆ ಎಂದೂ ಹೇಳಿದರು.

ಕೊಪ್ಪಳಕ್ಕೆ ಹೋಗಿ ಮ್ಯಾನೇಜರರನ್ನು ಕೇಳಿದೆ. ಇಲ್ಲ ಎಂದರು. ಎರಡನೇ ಸಲ ಕೇಳಿದಾಗ ಬೇರೊಂದು ಲಾಟಿನ ಫೈಲನ್ನು ನನ್ನ ಕೈಗಿಟ್ಟರು. ಮೂರನೇ ಸಲ ನಾನು ಕೇಳಲಿಲ್ಲ. ಇಪ್ಪತ್ತು ದಿನ ಮುಗಿದವು, ಆ ಹಂಗಾಮೂ ಮುಗಿಯಿತು, ಅದರ ಮುಂದಿನದೂ. ಖಾಲಾ ಈಗಲೂ ಕಳೆ ತೆಗೆಯುತ್ತಾರೆ.

ಸೀಲು ಮ್ಯಾನೇಜರರ ಮೇಜಿನ ಎರಡನೇ ಡ್ರಾಯರಿನಲ್ಲಿರುತ್ತದೆ. ಅವರು ಒಂದು ಗಂಟೆಗೆ ಊಟಕ್ಕೆ ಮನೆಗೆ ಹೋಗಿ ಎರಡೂವರೆಗೆ ಬರುತ್ತಾರೆ. ಡ್ರಾಯರಿಗೆ ಬೀಗವಿಲ್ಲ. ಆ ಇಪ್ಪತ್ತು ದಿನವೂ ಇರಲಿಲ್ಲ.